ಚೆಂಡು ಕಂಡ ಕೂಡಲೇ ಕೈ ಬಿಗಿಯಾಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 47 ವರ್ಷ. ಮೈಸೂರಿನಲ್ಲಿದ್ದೇನೆ. ಗಾಲ್ಫ್ ಶುರು ಮಾಡಿ ಎರಡು ವರ್ಷವಾಯಿತು. ಚೆಂಡಿಲ್ಲದೆ ಸುಮ್ನೆ ಕ್ಲಬ್, ಅಂದರೆ ಗಾಲ್ಫ್ ಕೋಲು, ಬೀಸಿದರೆ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ ನನಗೇ ಆಶ್ಚರ್ಯ. ಚೆಂಡಿನ ಮುಂದೆ ನಿಂತ ಕೂಡಲೇ ಕೈ, ಭುಜ, ದವಡೆ ಎಲ್ಲವೂ ಬಿಗಿಯಾಗುತ್ತವೆ. ಶಕ್ತಿ ಹಾಕಿದಷ್ಟೂ ಚೆಂಡು ಹತ್ತಿರ ಬೀಳುತ್ತದೆ, ಅದೂ ಬಲಕ್ಕೆ ತಿರುಗಿಕೊಂಡು. ಹನ್ನೆರಡನೇ ಹೋಲ್ ಹೊತ್ತಿಗೆ ಮುಂಗೈ ನೋವು. ಜೊತೆಗೆ ಆಡುವವರು, ಬ್ಯಾಗ್ ಹೊರುವ ಕ್ಯಾಡಿ, ಎಲ್ಲರೂ ‘ರಿಲ್ಯಾಕ್ಸ್ ಸಾರ್’ ಅನ್ನುತ್ತಾರೆ. ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಆರಾಮಾದ ಸ್ವಿಂಗ್ ಕಲಿಯಲು ಆಗುತ್ತದೆಯೇ? ಡ್ರೈವರ್ (ದೂರ ಹೊಡೆಯುವ ಉದ್ದದ ಕ್ಲಬ್) ಸ್ವಲ್ಪ ದಿನ ಬಿಡಬೇಕೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಚೆಂಡಿಲ್ಲದಾಗ ಚೆನ್ನಾಗಿ ಬರುತ್ತದೆ ಅಂದಿರಿ. ಹಾಗಾದರೆ ನಿಮಗೆ ಬೇಕಾದ ಸ್ವಿಂಗ್ ನಿಮ್ಮ ಮೈಗೆ ಆಗಲೇ ಗೊತ್ತಿದೆ. ಹೊಸದಾಗಿ ಕಲಿಯುವುದು ಕಡಿಮೆ. ಇರುವ ಸ್ವಿಂಗನ್ನು ಚೆಂಡಿನ ತನಕ ಕೆಡದಂತೆ ತರಬೇಕು, ಅಷ್ಟೇ ಕೆಲಸ. ಇದು ನಿಜಕ್ಕೂ ಒಳ್ಳೆಯ ಸುದ್ದಿ.

ನಾನು ಕಲಿಸುವಾಗ ಮೊದಲು ಒಂದು ಪದ ಬದಲಿಸುತ್ತೇನೆ. ನಮ್ಮಲ್ಲಿ ಗಾಲ್ಫ್ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆದರೂ ಕನ್ನಡದಲ್ಲಿ ಈ ಆಟದ ಬಗ್ಗೆ ಮಾತಾಡುವಾಗ ನಾವು ‘ಹೊಡಿ’ ಅಂತಲೇ ಹೇಳುತ್ತೇವೆ. ಚೆನ್ನಾಗಿ ಹೊಡೆದ, ಜೋರಾಗಿ ಹೊಡಿ, ಎಷ್ಟು ದೂರ ಹೊಡೆದೆ? ಹೊಡಿ ಎಂಬ ಮಾತು ಕಿವಿಗೆ ಬಿದ್ದರೆ ಮುಷ್ಟಿ ತಾನಾಗೇ ಬಿಗಿಯಾಗುತ್ತದೆ. ಸ್ವಿಂಗ್‌ಗೆ ನಮ್ಮಲ್ಲಿ ಸರಿಯಾದ ಪದ ‘ಬೀಸು’. ಕವಣೆ ಬೀಸುತ್ತೇವೆ, ಬಲೆ ಬೀಸುತ್ತೇವೆ, ಚಾಟಿ ಬೀಸುತ್ತೇವೆ. ಇವು ಮೂರರಲ್ಲೂ ಕೈ ಬಿಗಿ ಹಿಡಿದರೆ ಕೆಲಸ ಆಗುವುದಿಲ್ಲ. ನೀವೂ ಅಷ್ಟೆ, ಚೆಂಡಿಲ್ಲದಾಗ ಬೀಸುತ್ತೀರಿ, ಚೆಂಡು ಬಂದ ಕೂಡಲೇ ಹೊಡೆಯುತ್ತೀರಿ.

ಹೊಳೆಯಲ್ಲಿ ಬಲೆ ಬೀಸುವವರನ್ನು ನೋಡಿದ್ದೀರಾ? ಮೊದಲು ಪಾದ ಊರಿ ನಿಲ್ಲುತ್ತಾರೆ. ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ, ಅದರ ಹಿಂದೆ ತೋಳು. ಬಲೆ ಎಲ್ಲಕ್ಕಿಂತ ಕೊನೆಗೆ ಬಂದು ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ತೋಳಿನ ಬಲದಿಂದಲೇ ಎಸೆಯಲು ಹೋದರೆ ಬಲೆ ಮುದ್ದೆಯಾಗಿ ನೀರಿಗೆ ಬೀಳುತ್ತದೆ. ಗಾಲ್ಫ್ ಸ್ವಿಂಗ್‌ನ ಸರದಿಯೂ ಇದೇ. ಕ್ಲಬ್ ಕೆಳಗೆ ಬರುವಾಗ ಸೊಂಟ ಮೊದಲು, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್. ಇನ್ನೊಂದು ಮಾತು, ಮುಂದಿನದು ವೇಗ ಹಿಡಿಯುವ ಹೊತ್ತಿಗೆ ಹಿಂದಿನದು ನಿಧಾನವಾಗುತ್ತದೆ. ಚಾಟಿಯ ಹಿಡಿ ನಿಂತ ಮೇಲೆಯೇ ಅಲ್ವಾ ತುದಿ ಹಾರುವುದು. ವೇಗ ಹೀಗೆ ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಕ್ಲಬ್ ತಲೆಗೆ ತಲುಪುತ್ತದೆ. ನಡುವೆ ಎಲ್ಲಾದರೂ ಒಂದು ಕೀಲು ಬಿಗಿಯಾದರೆ ಅಲ್ಲಿಗೇ ನಿಂತಿತು. ಚಾಟಿ ಕೋಲಾಯಿತು.

ಈಗ ಓದುವುದನ್ನು ಒಂದು ನಿಮಿಷ ನಿಲ್ಲಿಸಿ, ಬಲಗೈ ಮುಷ್ಟಿಯನ್ನು ಗಟ್ಟಿಯಾಗಿ ಮಡಿಸಿ. ಹಾಗೇ ಮಣಿಕಟ್ಟನ್ನು ಮೇಲೆ ಕೆಳಗೆ ಬೇಗ ಬೇಗ ಅಲ್ಲಾಡಿಸಿ. ಕಷ್ಟ. ಈಗ ಮುಷ್ಟಿ ಸಡಿಲಿಸಿ ಅಲ್ಲಾಡಿಸಿ. ಎಷ್ಟು ಸಲೀಸು! ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಮೊಣಕೈ ಹತ್ತಿರದಿಂದ ಹೊರಟು, ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ಅದಕ್ಕೇ ಬೆರಳು ಬಿಗಿದರೆ ಮಣಿಕಟ್ಟೂ ಬಿಗಿಯುತ್ತದೆ. ನಿಮ್ಮ ಮುಂಗೈ ನೋವು ಬರುತ್ತಿರುವುದೂ ಬಹುಶಃ ಇಲ್ಲಿಂದಲೇ. ಚೆಂಡು ಬಲಕ್ಕೆ ತಿರುಗುವುದಕ್ಕೂ ಇದೇ ಕಾರಣ. ಮಣಿಕಟ್ಟು ಬಿಗಿಯಾಗಿದ್ದರೆ ಚೆಂಡಿಗೆ ತಾಗುವ ಕ್ಲಬ್ ಮುಖ ಹೊತ್ತಿಗೆ ಸರಿಯಾಗಿ ತಿರುಗಿ ನೇರವಾಗುವುದಿಲ್ಲ, ಬಲಕ್ಕೆ ತೆರೆದೇ ಉಳಿಯುತ್ತದೆ. ಭುಜ ಬಿಗಿಯಾಗಿದ್ದರೆ ಸೊಂಟಕ್ಕಿಂತ ಮೊದಲು ಭುಜವೇ ಮುನ್ನುಗ್ಗುತ್ತದೆ, ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ದುಕೊಂಡು ಬರುತ್ತದೆ. ಎರಡೂ ಸೇರಿದರೆ ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಬಾಗಿ ಹೋಗುವುದು.

ಒಂದು ಲೆಕ್ಕ ಹೇಳುತ್ತೇನೆ. ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ, ನಿಯಮವೇ ಹಾಗಿದೆ. ಡ್ರೈವರ್‌ನ ತಲೆ ಸುಮಾರು 200 ಗ್ರಾಂ. ಎರಡೂ ಒಂದಕ್ಕೊಂದು ತಗಲಿಕೊಂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ, ಅಷ್ಟೇ ಹೊತ್ತು. ಆ ಹೊತ್ತಿನಲ್ಲಿ ನಿಮ್ಮ ತೋಳು ಚೆಂಡಿಗೆ ಏನನ್ನೂ ಸೇರಿಸಲಾರದು. ತಳ್ಳಲು, ಒತ್ತಲು, ಎತ್ತಲು ಸಮಯವೇ ಇಲ್ಲ. ಕ್ಲಬ್ ಎಷ್ಟು ವೇಗದಲ್ಲಿ ಬಂತು, ಯಾವ ಕಡೆ ಮುಖ ಮಾಡಿತ್ತು, ಮುಖದ ನಡುವಿಗೆ ಚೆಂಡು ಸಿಕ್ಕಿತೋ ಇಲ್ಲವೋ, ಎಲ್ಲವೂ ಮೊದಲೇ ತೀರ್ಮಾನವಾಗಿರುತ್ತದೆ. ಚೆಂಡಿನ ಹತ್ತಿರ ಬಂದಾಗ ಕೊನೆಗೊಮ್ಮೆ ಬಲ ಹಾಕುತ್ತೀರಲ್ಲ, ಅದು ಕ್ಲಬ್‌ನ ದಾರಿ ಕೆಡಿಸುವುದಕ್ಕೆ ಮಾತ್ರ ಸಾಕು.

ಆರಾಮ್ ಅಂದರೆ ನಿಧಾನ ಅಂತ ಬಹಳ ಜನ ತಿಳಿಯುತ್ತಾರೆ. ಈ ತಪ್ಪು ತಿಳುವಳಿಕೆ ನನಗೆ ನಿಜಕ್ಕೂ ಬೇಸರ ತರುತ್ತದೆ, ಯಾಕೆಂದರೆ ಒಳ್ಳೆಯ ಆಟಗಾರರು ಇದರಿಂದಲೇ ಕೆಟ್ಟಿದ್ದನ್ನು ನೋಡಿದ್ದೇನೆ. ದಕ್ಷಿಣ ಆಫ್ರಿಕಾದ ಎರ್ನಿ ಎಲ್ಸ್ ಅವರನ್ನು ಗಾಲ್ಫ್ ಲೋಕ ‘ಬಿಗ್ ಈಸಿ’ ಎಂದೇ ಕರೆಯುತ್ತದೆ. 1994, 1997ರಲ್ಲಿ ಯುಎಸ್ ಓಪನ್, 2002, 2012ರಲ್ಲಿ ಬ್ರಿಟಿಷ್ ಓಪನ್ ಗೆದ್ದವರು. ಅವರ ಸ್ವಿಂಗ್ ವಿಡಿಯೋ ನೋಡಿ. ನೀರು ಹರಿದ ಹಾಗೆ. ಆದರೆ ಕ್ಲಬ್ ತಲೆ ಚೆಂಡಿಗೆ ಬರುವ ವೇಗ ಯಾವ ದೊಡ್ಡ ಆಟಗಾರನಿಗೂ ಕಡಿಮೆ ಇಲ್ಲ. ನಿಧಾನ ಅನಿಸುವುದು ಯಾಕೆ ಅಂದರೆ, ಎಲ್ಲೂ ಜಗ್ಗುವುದಿಲ್ಲ, ಎಲ್ಲೂ ಜರ್ಕ್ ಇಲ್ಲ. ವೇಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಪೂರ್ತಿ ವೇಗ ಚೆಂಡಿನ ಬಳಿ ಮಾತ್ರ ಕಾಣುತ್ತದೆ. ನೀವು ಬೇಕಂತಲೇ ಕ್ಲಬ್ಬನ್ನು ನಿಧಾನವಾಗಿ ಕೆಳಗೆ ತಂದರೆ ಸರದಿ ಮತ್ತೆ ಕೆಡುತ್ತದೆ. ಹಾಗಾಗಿ ‘ಸ್ಲೋ ಮಾಡಿ’ ಎಂಬ ಸಲಹೆಯನ್ನು ದಯವಿಟ್ಟು ಮರೆತುಬಿಡಿ.

ಹಾಗೇ, ಆರಾಮ್ ಅಂದರೆ ಮೈ ಪೂರ್ತಿ ಸಡಿಲ ಬಿಡುವುದೂ ಅಲ್ಲ. ಪಾದ, ತೊಡೆ, ಹೊಟ್ಟೆಯ ಸುತ್ತ ಕೆಲಸ ನಡೆಯಬೇಕು. ಬೆರಳು, ಮಣಿಕಟ್ಟು, ಭುಜ, ದವಡೆ ಹಗುರಾಗಿರಬೇಕು. ಕೆಳಗೆ ಗಟ್ಟಿ, ಮೇಲೆ ಹಗುರ. ತೆಂಗಿನ ಮರ ಗಾಳಿಗೆ ನಿಲ್ಲುವುದು ಹಾಗೇ.

ಈಗ ಕಲಿಯುವ ವಿಷಯಕ್ಕೆ ಬರೋಣ. ನನಗೆ ಅತಿ ಮುಖ್ಯ ಅನಿಸುವುದು ಲಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೊಡ್ಡ ಆಟಗಾರರ ಸ್ವಿಂಗ್ ವಿಡಿಯೋಗಳನ್ನು ಫ್ರೇಮ್ ಫ್ರೇಮಾಗಿ ಎಣಿಸಿದರೆ ಒಂದು ಸೊಗಸಾದ ಸಂಗತಿ ಕಾಣುತ್ತದೆ. ಕ್ಲಬ್ ಮೇಲೆ ಹೋಗಲು ತೆಗೆದುಕೊಳ್ಳುವ ಸಮಯ, ಮೇಲಿಂದ ಚೆಂಡಿಗೆ ಬರುವ ಸಮಯದ ಸುಮಾರು ಮೂರರಷ್ಟು. ಒಬ್ಬರ ಸ್ವಿಂಗ್ ಬೇಗ, ಇನ್ನೊಬ್ಬರದು ಸಾವಕಾಶ ಇರಬಹುದು. ಆದರೆ ಮೂರಕ್ಕೆ ಒಂದು ಎಂಬ ಲೆಕ್ಕ ಹೆಚ್ಚೂಕಡಿಮೆ ಎಲ್ಲರಲ್ಲೂ ಇರುತ್ತದೆ. ಮೇಲೆ ಹೋಗಲು ಮುಕ್ಕಾಲು ಸೆಕೆಂಡು, ಕೆಳಗೆ ಬರಲು ಕಾಲು ಸೆಕೆಂಡು ಅಂದುಕೊಳ್ಳಿ. ಒಟ್ಟು ಒಂದು ಸೆಕೆಂಡಿನ ಆಸುಪಾಸು.

ಇದನ್ನು ಇಂಗ್ಲಿಷ್‌ನಲ್ಲಿ ಎಣಿಸಿ ಕಲಿಸಲು ನಾನು ಬಹಳ ವರ್ಷ ಒದ್ದಾಡಿದೆ. ಕೊನೆಗೆ ದಾರಿ ಸಿಕ್ಕಿದ್ದು ನನ್ನ ಮನೆಯಲ್ಲೇ. ಮಗಳು ಮೃದಂಗ ಪಾಠ ಹೇಳಿಕೊಳ್ಳುತ್ತಿದ್ದಳು. ತಕಧಿಮಿ, ತಕಧಿಮಿ. ನಾಲ್ಕು ಅಕ್ಷರ, ಸಮ ಅಂತರ. ಹಾಲ್‌ನಲ್ಲಿ ನಿಂತು ಒಂದು ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್) ಹಿಡಿದು ಅವಳ ಪಾಠಕ್ಕೇ ಬೀಸಿದೆ. ಮೊದಲ ‘ತ’ಗೆ ಕ್ಲಬ್ ಹೊರಡಲಿ. ‘ಕ’, ‘ಧಿ’ ಹೇಳುವಾಗ ಮೇಲೆ ಹೋಗುತ್ತಿರಲಿ. ‘ಮಿ’ಗೆ ತುದಿ ಮುಟ್ಟಲಿ. ಮುಂದಿನ ‘ತ’ಗೆ ಚೆಂಡು. ಎಣಿಸಿ ನೋಡಿ, ಹೊರಟಲ್ಲಿಂದ ತುದಿಗೆ ಮೂರು ಹೆಜ್ಜೆ, ತುದಿಯಿಂದ ಚೆಂಡಿಗೆ ಒಂದು ಹೆಜ್ಜೆ. ಮೂರಕ್ಕೆ ಒಂದು! ಸೆಕೆಂಡಿಗೊಂದು ತಾಳ ಹಾಕಿಕೊಂಡರೆ ವೇಗವೂ ಸರಿಯಾಗಿ ಕೂಡುತ್ತದೆ. ಆವತ್ತಿನಿಂದ ನನ್ನ ಹತ್ತಿರ ಬರುವ ಎಲ್ಲರಿಗೂ ಇದನ್ನೇ ಕಲಿಸುತ್ತಿದ್ದೇನೆ. ಸಂಗೀತ ಗೊತ್ತಿಲ್ಲದವರೂ ಹತ್ತು ನಿಮಿಷದಲ್ಲಿ ಹಿಡಿಯುತ್ತಾರೆ.

ಮೊದಲು ಕ್ಲಬ್ ಇಲ್ಲದೆ, ತೊಡೆ ತಟ್ಟಿಕೊಂಡು ಹೇಳಿ. ತಕಧಿಮಿ ತ. ಆಮೇಲೆ ಎರಡು ಕೈ ಜೋಡಿಸಿ ಬರಿಗೈಯಲ್ಲಿ ಬೀಸಿ. ಆಮೇಲೆ 7 ಐಯರ್ನ್ (ಮಧ್ಯಮ ದೂರದ ಕ್ಲಬ್) ಹಿಡಿದು, ಚೆಂಡಿಲ್ಲದೆ. ಬಾಯಿ ಬಿಟ್ಟು, ಕೇಳಿಸುವ ಹಾಗೆ ಹೇಳಿ. ನಾಚಿಕೊಳ್ಳಬೇಡಿ. ಬಾಯಿ ಬಿಟ್ಟು ಹೇಳುವಾಗ ದವಡೆ ಕಚ್ಚಿ ಹಿಡಿಯಲು ಆಗುವುದಿಲ್ಲ, ಉಸಿರು ಕಟ್ಟಲೂ ಆಗುವುದಿಲ್ಲ. ನಿಮ್ಮ ಎರಡು ಬಿಗಿತ ಅಲ್ಲೇ ಹೋಯಿತು. ಇನ್ನೂ ದೊಡ್ಡ ಲಾಭ ಒಂದಿದೆ. ಮನಸ್ಸು ಚೆಂಡನ್ನು ಬಿಟ್ಟು ತಾಳ ಹಿಡಿಯುತ್ತದೆ. ನಿಮ್ಮನ್ನು ಕಾಡುತ್ತಿರುವುದು ಚೆಂಡಿನ ಮೇಲಿನ ಆಸೆ. ಅದಕ್ಕೆ ‘ಆಸೆ ಬಿಡು’ ಅಂದರೆ ಬಿಡುವುದಿಲ್ಲ. ಬೇರೆ ಕೆಲಸ ಕೊಡಬೇಕು.

ತುದಿಯಲ್ಲಿ, ‘ಮಿ’ ಹೇಳುವ ಕಡೆ, ಅವಸರ ಮಾಡಬೇಡಿ. ಉಯ್ಯಾಲೆ ಮೇಲಿನ ತುದಿಗೆ ಹೋದಾಗ ಒಂದು ಕ್ಷಣ ತೂಕವೇ ಇಲ್ಲದ ಹಾಗೆ ಆಗುತ್ತದಲ್ಲ, ಕ್ಲಬ್‌ಗೂ ಆ ಕ್ಷಣ ಬೇಕು. ಅಲ್ಲಿಂದ ಕೈಯಿಂದ ಎಳೆಯುವುದು ಬೇಡ. ಎಡಪಾದಕ್ಕೆ ಭಾರ ಬರಲಿ, ಕ್ಲಬ್ ಹಿಂದೆಯೇ ಬರುತ್ತದೆ. ಹೊರಡುವಾಗಲೂ ಅಷ್ಟೇ, ನಿಂತಲ್ಲೇ ಕಲ್ಲಾಗಬೇಡಿ. ಚೆಂಡಿನ ಹಿಂದೆ ಕ್ಲಬ್ಬನ್ನು ಒಂದೆರಡು ಸಲ ಹಗುರವಾಗಿ ಆಡಿಸಿ, ಪಾದ ಸ್ವಲ್ಪ ಮೆಟ್ಟಿ, ಉಸಿರು ಬಿಡುತ್ತಾ ‘ತ’ ಅನ್ನಿ. ಸುಮ್ಮನೆ ನಿಂತಷ್ಟೂ ಬಿಗಿತ ಏರುತ್ತದೆ. ಚೆಂಡಿನ ಮೇಲೆ ಐದಾರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವವರು ಆರಾಮಾಗಿ ಬೀಸಿದ್ದನ್ನು ನಾನು ನೋಡಿದ್ದು ಕಡಿಮೆ.

ಇನ್ನು ಹಿಡಿತ. ಅಮೆರಿಕದ ಸ್ಯಾಮ್ ಸ್ನೀಡ್ ವೃತ್ತಿಪರರ ಪಿಜಿಎ ಟೂರ್‌ನಲ್ಲಿ 82 ಟೂರ್ನಿ ಗೆದ್ದವರು. ಹಕ್ಕಿಮರಿಯನ್ನು ಹಿಡಿದ ಹಾಗೆ ಕ್ಲಬ್ ಹಿಡಿಯಿರಿ ಎಂಬ ಮಾತು ಅವರ ಹೆಸರಿನಲ್ಲೇ ಪ್ರಸಿದ್ಧ. ಮಾತು ಚೆನ್ನಾಗಿದೆ, ಆದರೆ ಹೊಸಬರು ಇದನ್ನು ತಪ್ಪಾಗಿ ತೆಗೆದುಕೊಳ್ಳುತ್ತಾರೆ. ತೀರಾ ಸಡಿಲ ಹಿಡಿದು ಹೊರಡುತ್ತಾರೆ. ಮೇಲೆ ಹೋದಾಗ ಕ್ಲಬ್ ಅಲ್ಲಾಡುತ್ತದೆ, ಗಾಬರಿಯಾಗಿ ಗಬಕ್ಕನೆ ಹಿಡಿಯುತ್ತಾರೆ. ಆ ಗಬಕ್ ಇದೆಯಲ್ಲ, ಅದೇ ಇಡೀ ಸ್ವಿಂಗ್ ಕೆಡಿಸುವುದು. ಆದ್ದರಿಂದ ಎಷ್ಟು ಹಗುರ ಎನ್ನುವುದಕ್ಕಿಂತ, ಮೊದಲಿಂದ ಕೊನೆಯ ತನಕ ಒಂದೇ ಸಮ ಇದೆಯೇ ಎಂದು ನೋಡಿಕೊಳ್ಳಿ. ಕೈಲಾದಷ್ಟು ಬಿಗಿದರೆ ಹತ್ತು, ಕ್ಲಬ್ ಜಾರಿ ಬೀಳುವಷ್ಟು ಬಿಟ್ಟರೆ ಒಂದು ಅಂದುಕೊಂಡರೆ, ನಾಲ್ಕರಲ್ಲಿ ಹಿಡಿಯಿರಿ. ಅಂಗೈಯಲ್ಲಿ ಅಲ್ಲ, ಬೆರಳುಗಳ ಬುಡದಲ್ಲಿ. ಎಡಗೈಯ ಕೊನೆಯ ಮೂರು ಬೆರಳು ಕ್ಲಬ್ ಕಾಯಲಿ, ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿಗೆ ರಜೆ ಕೊಡಿ. ಹೆಚ್ಚಿನವರಲ್ಲಿ ಬಿಗಿತ ಶುರುವಾಗುವುದೇ ಆ ಎರಡು ಬೆರಳಿನಿಂದ.

ಗ್ರಿಪ್‌ನ ರಬ್ಬರ್ ಒಮ್ಮೆ ಮುಟ್ಟಿ ನೋಡಿ. ಎರಡು ವರ್ಷವಾಗಿದ್ದರೆ ನುಣುಪಾಗಿರಬಹುದು. ಜಾರುವ ಹಿಡಿಯನ್ನು ಯಾರೇ ಆದರೂ ಬಿಗಿದೇ ಹಿಡಿಯುತ್ತಾರೆ. ಸೋಪು ನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ. ಆಗಲೂ ಜಾರಿದರೆ ಬದಲಿಸಿ.

ನಾನು ಹುಡುಗನಾಗಿದ್ದಾಗ ಒಬ್ಬ ಹಿರಿಯ ಕ್ಯಾಡಿ ನನಗೆ ಕಲಿಸಿದ ಅಭ್ಯಾಸ ಒಂದಿದೆ. ಅವರಿಗೆ ಆಗ ಅರವತ್ತು ದಾಟಿತ್ತು, ಸಣಕಲು ಮೈ. ಎಲ್ಲೋ ಸಿಕ್ಕ ಹಳೇ 5 ಐಯರ್ನ್ ಒಂದೇ ಅವರ ಆಸ್ತಿ. ಅದರಲ್ಲಿ ಬೀಸಿದರೆ ಇಪ್ಪತ್ತೈದರ ನಮಗಿಂತ ಚೆಂಡು ಮುಂದೆ ಹೋಗುತ್ತಿತ್ತು. ಕೇಳಿದ್ದಕ್ಕೆ ಅವರು ಕ್ಲಬ್ಬನ್ನು ತಲೆಕೆಳಗೆ ಮಾಡಿ, ತಲೆಯ ಹತ್ತಿರ ಹಿಡಿದು ಬೀಸಲು ಹೇಳಿದರು. ‘ಶಬ್ದ ಎಲ್ಲಿ ಬರ್ತದೆ ಕೇಳು’ ಅಂದರು. ನನ್ನ ‘ಸುಯ್’ ಬಲಭುಜದ ಹತ್ತಿರವೇ ಮುಗಿದುಹೋಗುತ್ತಿತ್ತು. ಅವರದು ಎಡಪಾದದ ಮುಂದೆ. ಅಷ್ಟೇ ಪಾಠ. ನನ್ನ ವೇಗವೆಲ್ಲ ಚೆಂಡಿಗೆ ಬರುವ ಮೊದಲೇ ಖರ್ಚಾಗುತ್ತಿತ್ತು ಅಂತ ಯಾವ ಮಾತಿಲ್ಲದೆ ಗೊತ್ತಾಯಿತು. ನೀವೂ ಡ್ರೈವರ್ ತಲೆಕೆಳಗೆ ಹಿಡಿದು ಮಾಡಿ ನೋಡಿ. ಜೋರಾಗಿ ಬೀಸಲು ಹೋದರೆ ಶಬ್ದ ಬೇಗ ಬರುತ್ತದೆ. ಕೈ ಹಗುರ ಬಿಟ್ಟು, ಕಾಲಿನಿಂದ ಹೊರಟರೆ ಶಬ್ದ ತಡವಾಗಿ, ತೀಕ್ಷ್ಣವಾಗಿ ಬರುತ್ತದೆ. ಈ ಶಬ್ದದಷ್ಟು ಪ್ರಾಮಾಣಿಕ ಗುರು ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಚೆಂಡು ಯಾವಾಗ ಇಡಬೇಕು? ನೆಲದ ಮೇಲೆ ಸಾಲಾಗಿ ಐದು ಟೀ (ಚೆಂಡು ಇಡುವ ಸಣ್ಣ ಗೂಟ) ಚುಚ್ಚಿ. ನಾಲ್ಕರ ಮೇಲೆ ಏನೂ ಇಡಬೇಡಿ, ಐದನೆಯದರ ಮೇಲೆ ಮಾತ್ರ ಚೆಂಡು. ತಕಧಿಮಿ ತ ಹೇಳುತ್ತಾ ಒಂದೊಂದೇ ಟೀ ತಾಗಿಸುತ್ತಾ ಹೋಗಿ. ಐದನೆಯದಕ್ಕೆ ಬಂದಾಗ ತಾಳ ಬದಲಾಯಿತೇ? ನಿಮಗೇ ಕೇಳಿಸುತ್ತದೆ. ‘ಮಿ’ ನುಂಗಿಹೋಗಿ ‘ತಕಧಿತ್’ ಆಗಿರುತ್ತದೆ. ಆಗ ಚೆಂಡು ಎಲ್ಲಿ ಹೋಯಿತು ಅಂತ ನೋಡಲೂಬೇಡಿ, ಮತ್ತೆ ಮೊದಲ ಟೀಯಿಂದ ಶುರು. ಈ ಅಭ್ಯಾಸದಲ್ಲಿ ಒಂದು ವಾರ ಅರ್ಧ ಸ್ವಿಂಗ್ ಸಾಕು, ತೋಳು ಎದೆ ಮಟ್ಟಕ್ಕೆ. ಎರಡೂ ಪಾದ ಜೋಡಿಸಿ ನಿಂತು ಮಾಡಿದರೆ ಇನ್ನೂ ಒಳ್ಳೆಯದು. ಬಲ ಹಾಕಿದರೆ ತೂರಾಡುತ್ತೀರಿ, ಹಾಗಾಗಿ ಮೈ ತಾನೇ ಬಲ ಬಿಡುತ್ತದೆ. ದಿನಕ್ಕೆ 30 ಚೆಂಡು ಸಾಕು. ರೇಂಜ್‌ನಲ್ಲಿ, ಅಂದರೆ ಅಭ್ಯಾಸದ ಮೈದಾನದಲ್ಲಿ, ಚೆಂಡಿನ ಬಕೆಟ್ ಬಕೆಟ್ ಖಾಲಿ ಮಾಡುವುದು ಬೇಡ. ದಣಿದ ಕೈ ಬಿಗಿ ಹಿಡಿಯುವುದನ್ನೇ ಕಲಿಯುತ್ತದೆ.

ಪ್ರತಿ ಸಲವೂ ಕೊನೆಯ ಭಂಗಿಯಲ್ಲಿ ನಿಲ್ಲಿ. ಹೊಟ್ಟೆ ಗುರಿಯ ಕಡೆ, ಭಾರವೆಲ್ಲ ಎಡಗಾಲಿಗೆ, ಬಲಪಾದ ತುದಿಬೆರಳ ಮೇಲೆ. ಚೆಂಡು ಬೀಳುವ ತನಕ ಅಲ್ಲಾಡದೆ ನಿಲ್ಲಲು ಆದರೆ, ದಾರಿಯಲ್ಲಿ ಎಲ್ಲೂ ಜಗ್ಗಿಲ್ಲ ಅಂತ ಅರ್ಥ.

ರೇಂಜ್‌ನಲ್ಲಿ ಬಂದದ್ದು ಕೋರ್ಸ್‌ನಲ್ಲಿ ಹೋಗುತ್ತದೆ, ಅದು ಸಹಜ. ಆಟ ಶುರುವಾಗುವ ಮೊದಲ ಟೀ ಜಾಗದಲ್ಲಿ ನಾಲ್ಕು ಜನ ನೋಡುತ್ತಿರುತ್ತಾರೆ, ಮುಂದೆ ನೀರು ಇರುತ್ತದೆ. ಅಲ್ಲಿ ಒಂದು ಉಪಾಯ ಇದೆ. ಬೇಕಾದ್ದಕ್ಕಿಂತ ಒಂದು ಕ್ಲಬ್ ಜಾಸ್ತಿ ತೆಗೆದುಕೊಳ್ಳಿ. ಅಂಕಿ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ, ಹಾಗಾಗಿ 7 ಐಯರ್ನ್ ಹಿಡಿಯುವ ದೂರಕ್ಕೆ 6 ಹಿಡಿಯಿರಿ. ‘ತಲುಪುತ್ತದೋ ಇಲ್ಲವೋ’ ಎನ್ನುವ ಹೆದರಿಕೆ ಹೋದರೆ ಭುಜ ತಾನಾಗೇ ಇಳಿಯುತ್ತದೆ. ಒಂದು ಪೂರ್ತಿ ರೌಂಡ್ ಹೀಗೆ ಆಡಿ. ಗುಳಿ ಇರುವ ಗ್ರೀನ್ ಆಚೆ ಎಷ್ಟು ಚೆಂಡು ಹೋದವು, ಈಚೆ ಎಷ್ಟು ಬಿದ್ದವು ಎಂದು ಬರೆದುಕೊಳ್ಳಿ.

ದೂರವೇ ಎಲ್ಲ ಅನಿಸಿದಾಗ ನಮ್ಮ ಅದಿತಿ ಅಶೋಕ್ ಅವರನ್ನು ನೆನೆಯಿರಿ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸ್‌ನಲ್ಲಿ ಬೆಳೆದ ಹುಡುಗಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನ. ಡ್ರೈವರ್ ದೂರದಲ್ಲಿ ಅಲ್ಲಿ ಆಡಿದವರ ಪೈಕಿ ತೀರಾ ಹಿಂದಿನ ಸಾಲು. ನಾಲ್ಕು ದಿನದಲ್ಲಿ 67, 66, 68, 68. ಒಟ್ಟು 15 ಅಂಡರ್, ಅಂದರೆ ನಿಗದಿತ ಹೊಡೆತಗಳಿಗಿಂತ 15 ಕಡಿಮೆ. ನಾಲ್ಕನೇ ಸ್ಥಾನ, ಒಂದೇ ಒಂದು ಸ್ಟ್ರೋಕ್‌ನಿಂದ ಪದಕ ತಪ್ಪಿತು. ಆ ಶನಿವಾರ ಬೆಳಿಗ್ಗೆ ಟಿವಿ ಮುಂದೆ ಕುಳಿತು ನಾನು ನೋಡಿದ್ದು ಅವರ ಸ್ಕೋರ್‌ಗಿಂತ ಜಾಸ್ತಿ ಅವರ ಲಯ. ತನಗಿಂತ ಬಹಳ ಮುಂದೆ ಚೆಂಡು ಕಳಿಸುವವರ ಜೊತೆ ಆಡುತ್ತಾ, ಒಂದು ಸಲವೂ ಅವರ ಜೊತೆ ಪೈಪೋಟಿಗೆ ಇಳಿಯಲಿಲ್ಲ. ಮೊದಲ ಹೋಲ್‌ನ ತಾಳವೇ ಹದಿನೆಂಟನೆಯದರಲ್ಲೂ ಇತ್ತು.

ನೋವಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಮೊಣಕೈಯ ಒಳಭಾಗದಲ್ಲಿ ಒತ್ತಿದರೆ ನೋವಾಗುತ್ತಿದ್ದರೆ, ಬೆಳಿಗ್ಗೆ ಲೋಟ ಎತ್ತುವಾಗಲೂ ನೋವಿದ್ದರೆ, ಮೊದಲು ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ. ಅಲ್ಲಿಯ ತನಕ ಚೆಂಡು ಮುಟ್ಟಬೇಡಿ, ತಾಳ ಮಾತ್ರ ಅಭ್ಯಾಸ ಮಾಡಿ. ರೇಂಜ್‌ನಲ್ಲಿ ಕಾಂಕ್ರೀಟ್ ಮೇಲೆ ತೆಳು ಮ್ಯಾಟ್ ಹಾಸಿದ್ದರೆ ಅಲ್ಲಿಯೂ ಬೇಡ. ಕ್ಲಬ್ ನೆಲಕ್ಕೆ ಬಡಿದ ಪೆಟ್ಟು ನೇರ ಮೊಣಕೈಗೆ ಬರುತ್ತದೆ. ಹುಲ್ಲು ಸಿಗುವ ಕಡೆ ಹೋಗಿ, ಇಲ್ಲವೇ ಟೀ ಮೇಲೆ ಇಟ್ಟೇ ಬೀಸಿ.

ಇನ್ನು ಡ್ರೈವರ್. ಹೌದು, ಸ್ವಲ್ಪ ದಿನ ಬ್ಯಾಗ್‌ನಲ್ಲೇ ಇರಲಿ. 7 ಐಯರ್ನ್‌ನಲ್ಲಿ ಹತ್ತಕ್ಕೆ ಎಂಟು ಸಲ ಕೊನೆಯ ಭಂಗಿಯಲ್ಲಿ ಅಲ್ಲಾಡದೆ ನಿಲ್ಲಲು ಆಗುತ್ತಿದೆ, ‘ಮಿ’ ನುಂಗಿಹೋಗುತ್ತಿಲ್ಲ ಅಂತಾದ ದಿನ ಹೊರಗೆ ತೆಗೆಯಿರಿ. ಮೊದಲ ಹತ್ತು ಸಲ ಚೆಂಡಿಲ್ಲದೆ, ಹುಲ್ಲಿನ ತುದಿ ಸವರಿಕೊಂಡು ಹೋಗುವ ಹಾಗೆ ಬೀಸಿ. ಡ್ರೈವರ್ ಉದ್ದ ಇದೆ ಅಂತ ತಾಳ ಬದಲಿಸಬೇಡಿ. ಅದೇ ತಕಧಿಮಿ, ಅದೇ ವೇಗ. ಹನ್ನೊಂದನೆಯ ಸಲಕ್ಕೆ ಟೀ ಎತ್ತರ ಚುಚ್ಚಿ, ಚೆಂಡಿಡಿ, ಬಾಯಿ ಬಿಟ್ಟು ಹೇಳಿಕೊಂಡೇ ಬೀಸಿ. ಹೇಗೆ ಬಂತು ಅಂತ ಬರೆದು ಕಳಿಸಿ, ಜೊತೆಗೆ ಪಕ್ಕದಿಂದ ತೆಗೆದ ಒಂದು ಮೊಬೈಲ್ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಧ್ವನಿ ಆನ್ ಇರಲಿ, ನಿಮ್ಮ ‘ಮಿ’ ನನಗೂ ಕೇಳಿಸಬೇಕು.